ಶುಕ್ರವಾರದ ಸಾಲು

ಮನೆಯಿಂದ,
ಮಂಗಳವಾರ, ಹದಿನೇಳನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಕುಳ್ಳೀ,

ಹೇಗಿದ್ದೀಯ? ಹಾಲು ನಿಲ್ಲಲಿ ಅಂತ ಡಾಕ್ಟರಮ್ಮ ಕೊಟ್ಟ ಮಾತ್ರೆ ಮುಗಿಯಿತಾ? ಎದೆಯ ಬಿಗಿತ ಕಡಿಮೆಯಾಯಿತಾ? ನಿದ್ದೆ ಬರುತ್ತಿದೆಯಾ? ಫೋನ್ ಮಾಡಿದಾಗಲೆಲ್ಲ ಅತ್ತೆ "ಈಗಷ್ಟೇ ಮಲಗಿದಳಪ್ಪಾ" ಅನ್ನುತ್ತಾರೆ. ಹತ್ತು ದಿನದಿಂದ ಅದೇ ಮಾತು. ಪಾಪ, ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಬೇರೆ ನೆಪ ಹುಡುಕಲೂ ಬರುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವಾದರೆ ನಿನಗೆ ಬೇಕೆನಿಸಿದಾಗ ಓದಬಹುದು, ಬೇಡವೆನಿಸಿದರೆ ದಿಂಬಿನ ಕೆಳಗೆ ತಳ್ಳಬಹುದು.

ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಅಂದರೆ, ಏನೂ ಆಗುತ್ತಿಲ್ಲ. ಹಸಿವು ಗೊತ್ತಾಗುವುದಿಲ್ಲ, ಗಡಿಯಾರ ನೋಡಿ ಊಟ ಮಾಡುತ್ತೇನೆ. ನಿನ್ನೆ ಸ್ನಾನ ಮಾಡಿ ಮೈ ಒರೆಸಿಕೊಳ್ಳುವಾಗ ತಿಳಿಯಿತು, ನೀರು ಕಾಯಿಸಿಯೇ ಇರಲಿಲ್ಲ ಅಂತ. ಕಿಟಕಿಯಲ್ಲಿರುವ ನಿನ್ನ ಗಿಡಕ್ಕೆ ನೀರು ಹಾಕುತ್ತಿದ್ದೇನೆ. ಕೆಳಗಿನ ಮನೆಯ ದರ್ಜಿ ಮೆಟ್ಟಿಲ ಮೇಲೆ ಸಿಕ್ಕಿದ. "ನಿಮ್ಮ ಅಂಗಿ ಗುಂಡಿ ಸಡಿಲ ಆಗಿದೆ" ಎಂದು ಅಲ್ಲೇ ನಿಲ್ಲಿಸಿಕೊಂಡು ಹೊಲಿದುಕೊಟ್ಟ. ಗುಂಡಿ ಗಟ್ಟಿಯಾಗಿಯೇ ಇತ್ತು.

ಆ ಶುಕ್ರವಾರದ ವಿಷಯ ಬರೆಯದೆ ಈ ಕಾಗದ ಮುಂದೆ ಹೋಗುವುದಿಲ್ಲ. ನಿನಗೆಲ್ಲ ಗೊತ್ತೇ ಇದೆ, ಆದರೂ ಮೊದಲಿನಿಂದ ಹೇಳುತ್ತೇನೆ, ಹಾಗೆ ಹೇಳಿದರೆ ನನಗಾದರೂ ಸರಿಯಾಗಿ ಕಾಣಬಹುದು. ತೊಟ್ಟಿಲು, ಕುಲಾವಿ, ಹಾಲಿನ ಬಾಟಲಿ ಮಾರುವ ನಮ್ಮ ಅಂಗಡಿಯ ಇಂಟರ್ನೆಟ್ ಪುಟಕ್ಕೆ ವಾರಕ್ಕೆ ಏಳು ಪೋಸ್ಟು ಬೇಕು. ಅದಕ್ಕೆ ಕಂಪ್ಯೂಟರಿನಲ್ಲೊಂದು ಶೀಟು. ದಿನಕ್ಕೊಂದು ಸಾಲು, ಸಾಲಿನಲ್ಲಿ ವಿಷಯ, ಬರಹ, ಚಿತ್ರ ಯಾರು ಮಾಡಬೇಕು, ಎಷ್ಟು ಗಂಟೆಗೆ ಹೋಗಬೇಕು, ಎಷ್ಟು ಜನ ನೋಡಿದರು. ಬರೆದಾದರೆ ಹಳದಿ, ಹೋಗಿಯಾದರೆ ಹಸಿರು. ಶುಕ್ರವಾರದ ಸಾಲಿಗೆ ಮಾತ್ರ ನನಗೆ ಏನೂ ಹೊಳೆಯುತ್ತಿರಲಿಲ್ಲ. ನಿನಗೆ ಮೂರು ತಿಂಗಳಾದಾಗ ಅಂಗಡಿಯ ಯಜಮಾನರು, "ಏನ್ರೀ, ಸುದ್ದಿ ಮನೇಲೇ ಇಟ್ಕೊಂಡು ಊರೆಲ್ಲ ಹುಡುಕ್ತೀರಲ್ಲ" ಎಂದರು. ನೀನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ "ಮುಖ ಹಾಕಬಾರದು, ಹೆಸರು ಹಾಕಬಾರದು, ನಾನು ಗೊರಕೆ ಹೊಡೀತೀನಿ ಅಂತ ಬರೀಬಾರದು" ಎಂದು ಒಪ್ಪಿಕೊಂಡೆ. ಹಾಗೆ ಶುರುವಾಯಿತು ‘ಅಪ್ಪನಾಗುವವನ ಡೈರಿ’. ಹತ್ತೊಂಬತ್ತನೇ ವಾರ ನಾನು ಗೊರಕೆಯ ವಿಷಯ ಬರೆದೇಬಿಟ್ಟೆ, ನೀನು ಮೂರು ದಿನ ಮಾತು ಬಿಟ್ಟೆ. ಇಡೀ ಶೀಟಿನಲ್ಲಿ ಅತಿ ಹೆಚ್ಚು ಜನ ನೋಡಿದ ಸಾಲು ಅದೇ. ಹೆದರಿಕೊಂಡು ನಿನಗೆ ಹೇಳಿರಲಿಲ್ಲ.

"ಹೆರಿಗೆ ಹೊತ್ತಲ್ಲಿ ಆಫೀಸು ಆಫೀಸು ಅಂತ ಓಡಬೇಡ, ಈಗಲೇ ಎಲ್ಲ ಬರೆದಿಟ್ಟುಬಿಡು" ಎಂದವಳು ನೀನೇ. ಬರೆದಿಟ್ಟೆ. ನಲವತ್ತನೇ ವಾರದವರೆಗೆ ಎಲ್ಲ ಹಳದಿ. ಇನ್ನೂ ಆಗದ್ದನ್ನು ಆದ ಹಾಗೆ ಬರೆಯುವುದು ಎಷ್ಟು ಸಲೀಸಾಗಿತ್ತು. ಮೂವತ್ತೆರಡನೇ ವಾರದ ಬುಧವಾರ, ಡಾಕ್ಟರಮ್ಮ ನಿನ್ನ ಹೊಟ್ಟೆಯ ಮೇಲೆ ಆ ಯಂತ್ರ ಆಡಿಸುತ್ತ ಆಡಿಸುತ್ತ ಮಾತು ನಿಲ್ಲಿಸಿದರು. ಗುರುವಾರ ಎಲ್ಲ ಮುಗಿಯಿತು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ನೀನಿನ್ನೂ ಆಸ್ಪತ್ರೆಯ ಮಂಚದ ಮೇಲಿರುವಾಗ, ಪೋಸ್ಟು ಹೋಯಿತು: "ಇವತ್ತು ತೊಟ್ಟಿಲು ಜೋಡಿಸಿದೆ. ಒಂದು ಸ್ಕ್ರೂ ಉಳಿದುಬಿಟ್ಟಿದೆ. ಮಗೂನ ಮಲಗಿಸೋಕೆ ಮುಂಚೆ ನನ್ನನ್ನೇ ಅದರಲ್ಲಿ ಮಲಗಿಸಿ ನೋಡ್ತಾಳಂತೆ ಅದರಮ್ಮ." ತೊಟ್ಟಿಲನ್ನು ನಾವು ತಂದೇ ಇರಲಿಲ್ಲ, ಅದು ಅಂಗಡಿಯ ಗೋದಾಮಿನಲ್ಲಿತ್ತು. ನೀನು ಅದನ್ನು ಓದಿ, ಫೋನನ್ನು ನನ್ನ ಕೈಗಿಟ್ಟು, ಗೋಡೆಯ ಕಡೆ ತಿರುಗಿಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಬೈದವನು ನಿನ್ನ ತಮ್ಮ: "ಭಾವ, ಇವತ್ತೂ ನಿಮಗೆ ಅಂಗಡೀನೇ ಹೆಚ್ಚಾಯ್ತಾ?" "ಅದು ತಾನಾಗೇ ಹೋಯ್ತು ಕಣೋ, ಮೊದಲೇ ಹಾಕಿಟ್ಟಿದ್ದು" ಎಂದೆ. ಉಳಿದ ಶುಕ್ರವಾರಗಳು ಹೋಗದಂತೆ ಅಲ್ಲೇ ನಿಂತು ತಡೆದೆ. ಮರುದಿನ ನೀನು ಅವನ ಜೊತೆ ತವರಿಗೆ ಹೊರಟುಹೋದೆ.

ಅದಾದ ಮೇಲೆ ಇವತ್ತು ಮೊದಲ ಸಲ ಆಫೀಸಿಗೆ ಹೋದೆ. ಮುಂದಿನ ವಾರದ ಸಾಲುಗಳನ್ನು ತುಂಬಿದೆ. ಸೋಮವಾರ ಬಾಟಲಿ ತೊಳೆಯುವ ಕ್ರಮ, ಮಂಗಳವಾರ ಉಣ್ಣೆಯ ಕಾಲ್ಚೀಲ, ಬುಧವಾರ ಹಲ್ಲು ಮೂಡುವಾಗ ಅಳುವ ಮಗು. ಶುಕ್ರವಾರಕ್ಕೆ ಬಂದು ನಿಂತೆ. ಆಗ ಯಜಮಾನರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ನಾನೂರು ಜನ ಕೇಳಿದ್ದಾರೆ ಕಣ್ರೀ, ಡೈರಿ ಯಾಕೆ ನಿಂತೋಯ್ತು ಅಂತ. ನಿಮಗೆ ಕಷ್ಟ ಅನ್ನೋದಾದ್ರೆ ಚಿತ್ರ ಮಾಡೋ ನಮ್ಮ ಹುಡುಗಿ ನೋಡಿಕೊಳ್ಳಲಿ. ಹೆರಿಗೆ ತನಕ ಬರೆದೇ ಇದೆಯಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ ಅವರು, ಅಂಗಡಿಯ ಕಣ್ಣಿನಿಂದ ನೋಡಿದರು, ಅಷ್ಟೇ. ಹುಡುಗಿ ಕೂತಲ್ಲಿಂದಲೇ ತಲೆ ಎತ್ತದೆ, "ನಾನು ಮಾಡಲ್ಲ ಸಾರ್. ಕೆಲಸ ಬಿಡು ಅಂದ್ರೆ ಬಿಡ್ತೀನಿ" ಎಂದಳು. ಎಂದೂ ಜೋರಾಗಿ ಮಾತಾಡಿದವಳಲ್ಲ.

ಯಜಮಾನರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ "ಗಂಡೋ ಹೆಣ್ಣೋ?" ಎಂದು ಕೇಳಿದರು. "ಹೆಣ್ಣು" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು, ಕುಳ್ಳೀ. ಯಾರೂ ಕೇಳಿರಲೇ ಇಲ್ಲ. ಯಜಮಾನರು ನನ್ನನ್ನು ಎಬ್ಬಿಸಿ ತಾವೇ ಕಂಪ್ಯೂಟರಿನ ಮುಂದೆ ಕೂತರು. ಶೀಟಿನಲ್ಲಿ ಇಡೀ ಸಾಲನ್ನು ಒಟ್ಟಿಗೆ ಅಳಿಸಬಹುದು ಎನ್ನುವುದು ಅವರಿಗೆ ಗೊತ್ತಿಲ್ಲ. ಒಂದೇ ಬೆರಳಿನಲ್ಲಿ ಒಂದೊಂದೇ ಚೌಕ ಅಳಿಸುತ್ತ ಹೋದರು. ಸಾಲು ಬದಲಾದಾಗಲೆಲ್ಲ "ಇದೂನಾ?" ಅಂತ ಕೇಳುತ್ತಿದ್ದರು, ನಾನು "ಹೂಂ" ಅನ್ನುತ್ತಿದ್ದೆ. ನಲವತ್ತನೇ ವಾರಕ್ಕೆ ಬಂದಾಗ ಕೇಳಲಿಲ್ಲ. ಕನ್ನಡಕ ತೆಗೆದು ಮುಖ ಒರೆಸಿಕೊಂಡು ಅಳಿಸಿದರು. "ಮನೆಗೆ ಹೋಗ್ರೀ ಇವತ್ತು" ಎಂದರು. ಹುಡುಗಿ ಅತ್ತಳು. ನಾನು ಊಟದ ಡಬ್ಬಿ ಬ್ಯಾಗಿಗೆ ಹಾಕಿಕೊಂಡು, ಛತ್ರಿ ಮರೆತಿಲ್ಲವಷ್ಟೇ ಎಂದು ನೋಡಿಕೊಂಡು ಬಂದೆ.

ಕೇಳಿದವರಿಗೆ ಏನು ಹೇಳಬೇಕೋ ನನಗೆ ತಿಳಿಯದು. ಮಗು ಉಳಿಯಲಿಲ್ಲ ಅಂತ ಒಂದು ಮಾತು ಬರೆಯಲೇ, ಸುಮ್ಮನಿರಲೇ? ನೀನು ಹೇಳುವ ತನಕ ಆ ಸಾಲು ಖಾಲಿ ಇರುತ್ತದೆ.

ಅತ್ತೆ ಮಾವ ಇಬ್ಬರಿಗೂ ನಮಸ್ಕಾರ ಹೇಳು. ನಿನ್ನ ತಮ್ಮನನ್ನು ನನ್ನ ಸಲುವಾಗಿ ಬೈಯಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬೇಡ.

ನಿನ್ನ
ಕಂಬ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅದು ತಾನಾಗೇ ಹೋಯಿತು ಅಂದದ್ದು ಸುಳ್ಳು. ಗುರುವಾರ ಸಂಜೆ ಆಸ್ಪತ್ರೆಯ ಬಾಗಿಲ ಬಳಿ ನಿಂತಿದ್ದಾಗ ಫೋನಿನಲ್ಲಿ ಜ್ಞಾಪನೆ ಬಂತು, ‘ನಾಳೆ ಹತ್ತಕ್ಕೆ ತೊಟ್ಟಿಲು’ ಅಂತ. ನೋಡಿದೆ. ಒಂದು ಸಲ ಒತ್ತಿದ್ದರೆ ನಿಲ್ಲುತ್ತಿತ್ತು. ಒತ್ತಲಿಲ್ಲ. ಆ ಡೈರಿಯಲ್ಲಾದರೂ ಇನ್ನೊಂದು ದಿನ ಮಗಳು ಬರುವವಳಾಗಿಯೇ ಇರಲಿ ಅನ್ನಿಸಿತು. ನೀನು ಅದನ್ನು ಓದುತ್ತೀಯ ಅಂತ ಹೊಳೆಯಲೇ ಇಲ್ಲ. ಭಾನುವಾರ ಬೆಳಿಗ್ಗೆ ಬರುತ್ತೇನೆ. ನೋಡಲು ಮನಸ್ಸಿಲ್ಲದಿದ್ದರೆ ಅತ್ತೆಯ ಕೈಲಿ ಹೇಳಿ ಕಳಿಸು, ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಹೋಗುತ್ತೇನೆ.