ಹೂ ಉದುರುವವರೆಗೆ

ಮನೆಯ ಯಜಮಾನಿ ಅಮ್ಮನವರಿಗೆ,

ನಮಸ್ಕಾರ. ನನ್ನ ತಂಗಿ ತೀರಿಕೊಂಡು ತಿಂಗಳಾಯಿತು. ಕೋಣೆಗೆ ಬರುವ ಹೊಸಬರನ್ನು ಇನ್ನೂ ಕಾಯಿಸುವುದು ಸರಿಯಲ್ಲ. ಭಾನುವಾರ ಬಂದು ಅವಳ ಮಂಚ, ಬಟ್ಟೆ, ಪಾತ್ರೆಗಳನ್ನೆಲ್ಲ ಒಯ್ಯುತ್ತೇನೆ.

ಕಿಟಕಿಯಲ್ಲಿರುವ ಆರ್ಕಿಡ್ ಗಿಡವನ್ನು ಮಾತ್ರ ಸ್ವಲ್ಪ ದಿನ ಅಲ್ಲೇ ಇರಲು ಬಿಡಿ. ಅದರ ಬೇರುಗಳು ಕುಂಡದಿಂದ ಹೊರಬಂದು ಕಿಟಕಿಯ ಮರದ ಚೌಕಟ್ಟನ್ನು ಹಿಡಿದುಕೊಂಡಿವೆ. ಹೂವಿರುವಾಗ ಬೇರು ಬಿಡಿಸಿ ಕುಂಡ ಬದಲಿಸಿದರೆ ಗಿಡ ಸೊರಗುತ್ತದೆ. ಇನ್ನು ಮೂರೇ ಹೂ ಉಳಿದಿವೆ. ಅವು ಉದುರಿ, ಹೊಸ ಬೇರಿನ ಹಸಿರು ತುದಿ ಕಂಡಾಗ ಹೇಳಿಕಳಿಸಿ. ಬೇರುಗಳಿಗೆ ನೀರು ಹಾಕಿ ನೆನೆಸಿ ಮೆಲ್ಲಗೆ ಬಿಡಿಸಿಕೊಳ್ಳುತ್ತೇನೆ.

ಹಿಂದೊಮ್ಮೆ ಅವಳ ಇನ್ನೊಂದು ಗಿಡವನ್ನು ನಾನು ಬಕೆಟ್ಟಿನಷ್ಟು ದೊಡ್ಡ ಕುಂಡದಲ್ಲಿ ನೆಟ್ಟು ಕೊಳೆಸಿದ್ದೆ. "ದರ್ಜಿ ಆಗಿದ್ದೂ ಅಳತೆ ಗೊತ್ತಾಗಲ್ವಾ ಅಣ್ಣ? ಕೂಸಿಗೆ ನಿನ್ನ ಅಂಗಿ ಹಾಕಿದ ಹಾಗಿದೆ" ಎಂದು ನಕ್ಕಿದ್ದಳು. ಈ ಸಲ ಟೇಪು ಹಿಡಿದು ನೋಡಿ, ಈಗಿನದಕ್ಕಿಂತ ಎರಡು ಬೆರಳಷ್ಟೇ ಅಗಲವಾದ ಕುಂಡ ತಂದಿಟ್ಟಿದ್ದೇನೆ.

ಎಷ್ಟು ನೆನೆಸಿದರೂ ಒಂದೆರಡು ಬೇರು ಮರದಲ್ಲೇ ಉಳಿಯಬಹುದು. ಕಿಟಕಿಗೆ ಬಣ್ಣ ಹೊಡೆಯುವವರು ಬಂದಾಗ, ಅವನ್ನು ಕೆರೆದು ತೆಗೆಯಬೇಡಿ ಎಂದು ದಯವಿಟ್ಟು ಹೇಳಿ.

ಇಂತಿ,
ನಿಮ್ಮ ಮೇಲಿನ ಕೋಣೆಯವಳ ಅಣ್ಣ