ಮುಖಪುಟದ ಮೇಲಿನ ಹೆಸರು

ನಾರಪ್ಪ,

ನೀನು ಬರೆದ ಮಕ್ಕಳ ಕತೆಗಳು ಪುಸ್ತಕವಾಗಿ ಇವತ್ತು ಮದರಾಸಿನಿಂದ ಮೊರಪ್ಪೂರು ಸ್ಟೇಷನ್ನಿಗೆ ಬಂದವು. ನೀನು ಕಾಲರಾದಲ್ಲಿ ತೀರಿಕೊಂಡ ಮೇಲೆ ಹಸ್ತಪ್ರತಿಯನ್ನು ಪ್ರಕಾಶಕರಿಗೆ ಕಳಿಸಿದವನು ನಾನೇ.

ಕಟ್ಟನ್ನು ಶಾಲೆಯಲ್ಲಿ ಬಿಚ್ಚಿದೆ. ನಿನ್ನ ಮಗಳು ಮುತ್ತಮ್ಮ ಮೊದಲ ಕತೆಯನ್ನು ಜೋರಾಗಿ ಓದುತ್ತಾ ನಿಂತುಬಿಟ್ಟಳು. “ಮೇಷ್ಟ್ರೇ, ಇದು ನಮ್ಮಪ್ಪ ಯೋಳ್ತಿದ್ದ ಕತೆ!”

ಆಮೇಲೆ ಮುಖಪುಟದ ಮೇಲೆ ಬೆರಳಿಟ್ಟು ಓದಿದಳು. “ಇಲ್ಲಿ ನಿಮ್ಮ ಎಸ್ರು ಐತೆ. ಅಪ್ಪಂದು ಎಲ್ಲೈತೆ?”

“ಅಚ್ಚಿನೋರು ಮರ್ತವ್ರೆ ಕಣಮ್ಮ” ಅಂದೆ.

ಹಸ್ತಪ್ರತಿಯ ಮೇಲೆ ನಿನ್ನ ಹೆಸರು ಅಳಿಸಿ ನನ್ನದು ಬರೆದವನು ನಾನೇ ಎಂದು ಅವಳಿಗೇನು ಗೊತ್ತು, ನಂಬಿದಳು. “ನೀವು ಕಾಗ್ದ ಬರೀರಿ ಮೇಷ್ಟ್ರೇ, ಸರಿ ಮಾಡ್ತಾರೆ” ಎಂದು ಹಾಳೆ, ಮಸಿಕುಡಿಕೆ ತಂದಿಟ್ಟು ಎದುರಿಗೇ ಕೂತಳು.

ಆ ಹಾಳೆಯಲ್ಲೇ ನಿನಗೆ ಬರೆಯುತ್ತಿದ್ದೇನೆ. ನಾನು ಪ್ರಕಾಶಕರಿಗೆ ಬರೆಯುತ್ತಿದ್ದೇನೆ ಎಂದುಕೊಂಡು ಅವಳು ಸದ್ದು ಮಾಡದೆ ಕಾಯುತ್ತಿದ್ದಾಳೆ.

ಚಿನ್ನಪ್ಪ