ಪಾಸಾದ ಶ್ವಾಸಕೋಶ

ಜೂನ್ 3, ಸೋಮವಾರ
ಇಂದು ಉಪವಾಸ. ಅಂಗಳ ಗುಡಿಸಿ, ನೀರು ತುಂಬಿಸಿ, ದೇವರಿಗೆ ದೀಪ ಹಚ್ಚಿ ಇವರನ್ನು ಆಸ್ಪತ್ರೆಗೆ ಕರೆದೊಯ್ದೆ. ಶ್ವಾಸಕೋಶದ ಕ್ಯಾನ್ಸರಿಗೆ ಕರೆಂಟು, ಅದೇ ರೇಡಿಯೇಶನ್ನು, ಕೊಡಿಸುವುದು ಅರ್ಧ ಮುಗಿದಿದೆ.
ಹೊಸ ಮರಿ ಡಾಕ್ಟರು ಮೊದಲಿನ ಸ್ಕ್ಯಾನನ್ನು ಕಂಪ್ಯೂಟರಿಗೆ ತೋರಿಸಿದ. "ಯಜಮಾನ್ರೇ, ಇಂಥ ಗಡ್ಡೆ ಇರೋರು ಹೆಚ್ಚಿನವರು ಚೆನ್ನಾಗೇ ಆಗ್ತಾರೆ ಅಂತಿದೆ ಇದು" ಎಂದ. ದೇವರೇ ಬಾಯಿಬಿಡದ್ದನ್ನು ಚಿತ್ರ ಹೇಳಿತಂತೆ! ಇವರ ಮುಖ ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ.

ಜೂನ್ 4
ಕರೆಂಟಿಗೆ ಹೊರಡಲೇ ಇಲ್ಲ. "ಪಾಸಾದೋನು ಮತ್ತೆ ಪರೀಕ್ಷೆ ಬರೀತಾನೇನೇ?" ನಾಲ್ಕನೇ ಕ್ಲಾಸಿನಲ್ಲಿ ಎರಡು ಸಲ ಕೂತ ಪಂಡಿತರ ಮಾತು.
ಮಧ್ಯಾಹ್ನ ಹಿತ್ತಲಲ್ಲಿ ಸಿಗರೇಟಿನ ವಾಸನೆ. ಪಕ್ಕದ ಮನೆಯವರದಂತೆ. ಪಕ್ಕದ ಮನೆಗೆ ಬೀಗ ಬಿದ್ದು ತಿಂಗಳಾಯಿತು.

ಜೂನ್ 7
ನಾದಿನಿ ಬಂದಿದ್ದಳು. "ನೋಡಿ ಅತ್ತಿಗೆ, ನಮ್ಮ ವಂಶದ ಶ್ವಾಸಕೋಶ ಅಂದ್ರೆ ಕಂಪ್ಯೂಟರೇ ಒಪ್ಕೊಂಡಿದೆ!"
"ಕೊರತೆ ಇರೋದು ಶ್ವಾಸಕೋಶದಲ್ಲಿ ಅಲ್ಲ ಕಣಮ್ಮ, ಅದಕ್ಕಿಂತ ಒಂದು ಗೇಣು ಮೇಲೆ" ಎಂದೆ.
ಕಾಫಿ ಕುಡಿಯದೆ ಹೋದಳು. ಸಕ್ಕರೆ ಉಳಿಯಿತು.

ಜೂನ್ 17, ಸೋಮವಾರ
ಬರೆಯಲಿಲ್ಲ ಇಷ್ಟು ದಿನ. ಬೈದು ಬೈದು ಕೈಗೂ ಬೇಸರ. ಆಸ್ಪತ್ರೆಯ ಕಡೆ ತಲೆ ಹಾಕಿಲ್ಲ ಇವರು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾರೆ. "ಗೋಡೆ ಗಟ್ಟಿ ಇದೆಯಾ ನೋಡ್ತಿದ್ದೆ." ಥೂ!
ಒಬ್ಬಳೇ ಹೋದೆ. ದೊಡ್ಡ ಡಾಕ್ಟರಮ್ಮ ಸಿಗಲಿಲ್ಲ. ಚೀಟಿ ಬರೆದಿಟ್ಟೆ — ಕಂಪ್ಯೂಟರು ಹೇಳಿದ ಭವಿಷ್ಯ ಚಿಕಿತ್ಸೆ ಮುಗಿಸಿದವರಿಗೋ, ಅರ್ಧಕ್ಕೆ ಓಡಿಬಂದ ಶೂರರಿಗೂ ಸೇರಿಯೋ? ಈಗ ಮತ್ತೆ ಶುರು ಮಾಡಿದರೆ ಫಲವಿದೆಯೇ?
"ನಾಳೆ ಉತ್ತರ ಬರೆದಿಟ್ಟಿರ್ತಾರೆ, ಯಾರನ್ನಾದ್ರೂ ಕಳ್ಸಿ ಅಮ್ಮ" ಎಂದಳು ನರ್ಸು.

ಜೂನ್ 18, ಬೆಳಿಗ್ಗೆ
ಚೀಟಿಯ ವಿಷಯ ಇವರ ಕಿವಿಗೆ ಬಿತ್ತು. "ನನ್ನ ಮಾನ ಕಳೆಯೋಕೆ ಅಲ್ಲಿಗಂಟ ಹೋಗಿದ್ಯಾ? ನಿಂಗೆ ಎಷ್ಟು..." ಅಷ್ಟೇ. ಉಸಿರು ಸಾಲಲಿಲ್ಲ. ಇವರ ಬೈಗುಳ ಅರ್ಧಕ್ಕೆ ನಿಂತದ್ದನ್ನು ನಾನು ಈವರೆಗೆ ಕಂಡಿಲ್ಲ.
ಆಮೇಲೆ ಒಳಗೆ ಹೋಗಿ ಒಗೆದ ಅಂಗಿ ಹಾಕಿಕೊಂಡು ಬಂದು, "ಏನಂದ್ರಂತೆ ಡಾಕ್ಟರಮ್ಮ? ಈಗ ಹೋದ್ರೆ... ಆಗತ್ತಾ?"
ಅಡುಗೆಮನೆಯಲ್ಲಿದ್ದ ಮಗಳಿಗೆ ಹೇಳಿದೆ — "ಒಲೆ ಆರ್ಸು. ಆಸ್ಪತ್ರೆಗೆ ಓಡಿಹೋಗಿ ನನ್ನ ಚೀಟಿಗೆ ಡಾಕ್ಟರಮ್ಮ ಬರೆದಿಟ್ಟ ಉತ್ತರ ತಗೊಂಡ್ ಬಾ ತಾಯಿ. ದಾರೀಲಿ ಓದ್ಬೇಡ. ಓದಿದ್ರೂ, ಒಳಗೆ ಬರುವಾಗ ನಿನ್ನ ಮುಖ ನೋಡಿ ಅಪ್ಪಂಗೆ ಏನೂ ಗೊತ್ತಾಗ್ಬಾರ್ದು."